ಪ್ರವಾಸಿ ಹಡಗು ಮತ್ತು ಮಂಗಳೂರಿನ ವ್ಯಾಪಾರ

1974ರಲ್ಲಿ ಪ್ರಧಾನ ಬಂದರೆಂದು ಘೋಷಿತವಾದ ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಸರಕು ಹಡಗುಗಳಲ್ಲದೆ ವಿದೇಶೀ ಪ್ರವಾಸಿ ಹಡಗುಗಳೂ ತಂಗುತ್ತ ಬಂದಿವೆ. ಸಾಮಾನ್ಯವಾಗಿ ಇವು ಬೆಳಿಗ್ಗೆ ಬಂದು ಸಂಜೆಯೊಳಗೆ ಹೊರಡುತ್ತವೆ. ಪ್ರವಾಸಿಗಳ ಊಟ, ವಸತಿ ಹಡಗಿನಲ್ಲೇ ಇರುವುದರಿಂದ ಹೋಟೆಲುಗಳಿಗೆ ದೊರೆಯುವ ಲಾಭ ಅಲ್ಪ. ಕದ್ರಿ, ಕುದ್ರೋಳಿ, ಮೂಡಬಿದಿರೆ, ಕಾರ್ಕಳಗಳ ವೀಕ್ಷಣೆಯ ನಡುವೆ ಉಳಿಯುವ ಕೆಲವೇ ಗಳಿಗೆಗಳು ವ್ಯಾಪಾರಿಯ ಪಾಲಿಗೆ ಸಲ್ಲುತ್ತವೆ.

ಆದುದರಿಂದ ಗೇರುಬೀಜ, ಕಾಫಿ, ಸಾಂಬಾರ ಪದಾರ್ಥಗಳನ್ನು ಸಣ್ಣ, ಭದ್ರ ಪೊಟ್ಟಣಗಳಲ್ಲಿ ತುಂಬಿ, ತೂಕ, ದರ ಹಾಗೂ ತಯಾರಿಕೆಯ ದಿನಾಂಕವನ್ನು ಸ್ಪಷ್ಟವಾಗಿ ನಮೂದಿಸಿಡಬೇಕು. ಹಡಗುಗಳ ವೇಳಾಪಟ್ಟಿಯನ್ನು ಮುಂಚಿತವಾಗಿ ತಿಳಿದು ದಾಸ್ತಾನು ನಿರ್ಧರಿಸುವುದು ಲೇಸು.

ಮಳೆಗಾಲದಲ್ಲಿ ಈ ಸಂಚಾರ ನಿಲ್ಲುತ್ತದೆ. ಹಡಗನ್ನೊಂದೇ ನೆಚ್ಚಿ ಸಾಲಮಾಡಿ ಯಂತ್ರ ಕೊಳ್ಳುವ ಸಣ್ಣ ಉದ್ಯಮಿಗೆ ಆ ತಿಂಗಳುಗಳ ಕಂತು ಹೊರೆಯಾದೀತು. ಊರಿನ ಗಿರಾಕಿಗೂ ಒಪ್ಪುವ ಸರಕನ್ನೇ ತಯಾರಿಸುವುದು ಕ್ಷೇಮಕರ.