ಸಾಲಿಗೆ ಸೂಟಿ, ಅವ್ವಗ ಸುಗ್ಗಿ
ದಸರಾ ರಜೆಯಿಂದ ದೀಪಾವಳಿವರೆಗೆ ದುಡಿಯುವ ತಾಯಂದಿರಿಗೊಂದು ತಯಾರಿ

ಬ್ಯಾಸಗಿ ಸೂಟಿ ಉದ್ದ ನಿಜ, ಆದರೆ ಆಗ ಹೊಲ ಖಾಲಿ ಬಿದ್ದಿರುತ್ತದೆ. ದಸರಾ ಸೂಟಿ ಹಾಗಲ್ಲ. ಉತ್ತರಿ ಮಳೆ ಮುಗಿದು ಹಸ್ತ, ಚಿತ್ತಿ ಹಿಡಿಯುವ ಹೊತ್ತಿಗೆ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಹೊಲಗಳಲ್ಲಿ ಉಳ್ಳಾಗಡ್ಡಿ ಕಿತ್ತು ಕೊಯ್ಯುವುದು, ಹಿಂಗಾರಿ ಜೋಳ, ಕಡಲೆ, ಕುಸುಬಿ ಬಿತ್ತುವುದು ಒಟ್ಟಿಗೇ ಬರುತ್ತವೆ. ಕಲಘಟಗಿ ಕಡೆ ಸೋಯಾ, ಗೋವಿನಜೋಳದ ಕೊಯ್ಲು. ಅದು ಮುಗಿಯಿತು ಎನ್ನುವಷ್ಟರಲ್ಲಿ ಹತ್ತಿ ಬಿಡಿಸಲು ಕರೆ ಬರುತ್ತದೆ. ಹೆಣ್ಣಾಳಿಗೆ ವರ್ಷದಲ್ಲೇ ಹೆಚ್ಚು ಬೇಡಿಕೆ ಇರುವ ಇದೇ ವಾರಗಳಲ್ಲಿ ಸಾಲಿಗೆ ಬೀಗ ಬೀಳುತ್ತದೆ. ಮೇಲಾಗಿ ಹಗಲು ಸಣ್ಣದಾಗುತ್ತ ಹೋಗುತ್ತದೆ. ಜೂನ್‌ನಲ್ಲಿ ಏಳರ ಸುಮಾರಿಗೆ ಮುಳುಗುತ್ತಿದ್ದ ಹೊತ್ತು ನವೆಂಬರಿಗೆ ಆರಕ್ಕೇ ಮುಳುಗುತ್ತದೆ.

ಇಂಥ ಲೇಖನಗಳಲ್ಲಿ ಸಾಮಾನ್ಯವಾಗಿ ಮೊದಲು ಬರೆಯುವ ಸಲಹೆ, ‘ಬೆಳಗ್ಗೆ ಒಂದು ತಾಸು ಬೇಗ ಏಳಿ’ ಎಂಬುದು. ನವರಾತ್ರಿಯಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳು ಚುಮುಚುಮು ಕತ್ತಲಲ್ಲೇ ತಲೆಗೆ ನೀರು ಹಾಕಿಕೊಂಡು ಬನ್ನಿ ಗಿಡ ಸುತ್ತಿ ಬಂದಿರುತ್ತಾರೆ. ಅವರಿಗೆ ಇನ್ನೆಷ್ಟು ಬೇಗ ಏಳಲು ಹೇಳುವುದು? ಕೆಳಗಿನ ಯಾವ ಹೆಜ್ಜೆಯೂ ಅವ್ವನ ನಿದ್ದೆಗೆ ಕೈ ಹಾಕುವುದಿಲ್ಲ.

ಮೊದಲು ಕ್ಯಾಲೆಂಡರ್ ಮುಂದೆ ನಿಲ್ಲಿ

ಸೂಟಿಗೆ ಹದಿನೈದು ದಿನ ಇರುವಾಗಲೇ ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ಗುರುತು ಹಾಕಿ. ಸಾಲಿ ಮುಚ್ಚುವ ಮತ್ತು ತೆರೆಯುವ ದಿನ ಒಂದು. ಇದು ವರ್ಷ ವರ್ಷ ಹಿಂದೆ ಮುಂದೆ ಆಗುತ್ತದೆ, ನಡುವೆಯೂ ಬದಲಾಗಬಹುದು. ಹೋದ ವರ್ಷದ ಲೆಕ್ಕ ನಂಬಬೇಡಿ. ಅಂಗನವಾಡಿ ಯಾವ್ಯಾವ ದಿನ ಇರುವುದಿಲ್ಲ ಎಂಬುದು ಎರಡನೆಯದು. ಸಾಲಿಯಷ್ಟು ಉದ್ದದ ದಸರಾ ರಜೆ ಅಂಗನವಾಡಿಗಿಲ್ಲ. ಎಷ್ಟೋ ಮನೆಗಳಲ್ಲಿ ಅಣ್ಣನಿಗೆ ಸೂಟಿ ಎಂದು ತಂಗಿಯನ್ನೂ ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ, ಕೂಸು ಊಟವನ್ನೂ ಕಳೆದುಕೊಳ್ಳುತ್ತದೆ. ಮೂರನೆಯದು ಲಸಿಕೆಯ ದಿನ. ಸುಗ್ಗಿಯಲ್ಲಿ ಎಲ್ಲಕ್ಕಿಂತ ಮೊದಲು ಮರೆತುಹೋಗುವುದು ಇದೇ. ತಾಯಿ ಕಾರ್ಡ್ ತೆಗೆದು ನೋಡಿ, ಒಂಬತ್ತು ತಿಂಗಳಿನ ಮತ್ತು ಒಂದೂವರೆ ವರ್ಷದ ಸುಮಾರಿನ ದಡಾರ–ರುಬೆಲ್ಲಾ ಚುಚ್ಚುಮದ್ದು ಬಾಕಿ ಇದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ ದಿನ ಬರೆದಿಟ್ಟುಕೊಳ್ಳಿ.

ಬಿತ್ತಿಗೆಗೆ ತಾರೀಖು ಹಾಕಲು ಹೋಗಬೇಡಿ. ಎರಿ ಮಣ್ಣು ಹಸಿ ಇದ್ದರೆ ಕಾಲೇ ಕೀಳಗೊಡುವುದಿಲ್ಲ, ಹದ ಬಂದ ದಿನ ಮನೆಯಲ್ಲಿ ಕೂಡ್ರಗೊಡುವುದಿಲ್ಲ. ‘ಈ ವಾರದೊಳಗೆ’ ಎಂದು ಗೆರೆ ಎಳೆದರೆ ಸಾಕು.

ಕೂಸು ಯಾರ ಕಡೆ?

ಇಡೀ ತಯಾರಿಯ ಗಂಟು ಇಲ್ಲಿದೆ, ಇದನ್ನು ಬಿಡಿಸಿದರೆ ಉಳಿದದ್ದು ಹಗುರ.

ಮೂರು ವರ್ಷದೊಳಗಿನ ಕೂಸಾದರೆ ಮೊದಲು ಪಂಚಾಯತಿಯಲ್ಲಿ ‘ಕೂಸಿನ ಮನೆ’ ವಿಚಾರಿಸಿ. ಉದ್ಯೋಗ ಖಾತರಿಯ ಜೊತೆ ಹೊಂದಿಸಿ 2023–24ರ ರಾಜ್ಯ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯತಿಗಳಿಗೆ ಘೋಷಿಸಿದ ಶಿಶುಪಾಲನಾ ಕೇಂದ್ರ ಇದು. ನಿಮ್ಮ ಊರಿನಲ್ಲಿ ಹೆಸರಿಗೆ ಇದ್ದರೆ ಸಾಲದು. ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಕೇಳಿ. ಕೂಲಿಯ ಟಂಟಂ ಏಳೂವರೆಗೆ ಹೊರಟು ಕೇಂದ್ರ ಹತ್ತಕ್ಕೆ ತೆರೆದರೆ, ನಡುವಿನ ಎರಡೂವರೆ ತಾಸು ಯಾರದು? ಕೆಲಸಕ್ಕೆ ಹೋಗುವ ನಾಲ್ಕೈದು ಮಂದಿ ಸೇರಿ ಹೋಗಿ, ವೇಳೆಯನ್ನು ಹೊಲದ ಕೆಲಸಕ್ಕೆ ಹೊಂದಿಸಲು ಕೇಳಿ. ಒಬ್ಬಾಕಿ ಕೇಳಿದರೆ ‘ನೋಡೋಣ’ ಎನ್ನುತ್ತಾರೆ, ಐದು ಮಂದಿ ನಿಂತರೆ ಅರ್ಜಿ ಬರೆಸಿಕೊಳ್ಳುತ್ತಾರೆ.

ಅದಿಲ್ಲದ ಊರಿಗೆ ಹಳೆಯ ದಾರಿಯೇ ಒಳ್ಳೆಯದು: ಮುಯ್ಯಿ. ಕಳೆ ತೆಗೆಯಲು, ಬಿತ್ತಲು ಮುಯ್ಯಾಳಾಗಿ ಹೋಗುವವರಿಗೆ ಇದರ ಲೆಕ್ಕ ಕಲಿಸಬೇಕಿಲ್ಲ. ಅದನ್ನೇ ಮಕ್ಕಳಿಗೆ ಹಚ್ಚಿ. ಒಂದೇ ಓಣಿಯ ಐದು ತಾಯಂದಿರು ಕೂಡಿದರೆ, ದಿನಕ್ಕೊಬ್ಬರು ಮನೆಯಲ್ಲಿ ಉಳಿದು ಎಲ್ಲರ ಮಕ್ಕಳನ್ನು ನೋಡಿಕೊಳ್ಳುವುದು, ಉಳಿದ ನಾಲ್ವರು ಕೆಲಸಕ್ಕೆ ಹೋಗುವುದು. ಐದು ದಿನಕ್ಕೆ ಒಬ್ಬೊಬ್ಬರಿಗೂ ಒಂದೇ ದಿನದ ಕೂಲಿ ತಪ್ಪುತ್ತದೆ. ಪಾಳಿ ಒಡೆಯದೆ ನಡೆಯಬೇಕಾದರೆ ಕೆಲವು ಮಾತುಗಳನ್ನು ಮೊದಲೇ ಆಡಿಕೊಳ್ಳಬೇಕು. ಒಬ್ಬರ ಕೈಯಲ್ಲಿ ಆರೇಳು ಮಕ್ಕಳಿಗಿಂತ ಹೆಚ್ಚು ಬೇಡ, ಅದರಲ್ಲಿ ಇನ್ನೂ ನಡೆಯಲು ಕಲಿಯುತ್ತಿರುವ ಕೂಸುಗಳು ಎರಡೇ ಇರಲಿ. ಪಾಳಿಯ ದಿನ ಜ್ವರ ಬಂದರೆ ಯಾರು ಬದಲಿ? ಬುತ್ತಿ ಅವರವರ ಮನೆಯದೋ, ಪಾಳಿಯವರದೋ? ಒಂದೇ ಕೂಸಿನಾಕೆಗೂ ಮೂರು ಮಕ್ಕಳಾಕೆಗೂ ಸಮ ಪಾಳಿಯೋ? ಈ ಕೊನೆಯ ಪ್ರಶ್ನೆಯ ಮೇಲೆಯೇ ಮನಸ್ಸು ಮುರಿಯುವುದು, ನಾಚದೆ ಮೊದಲ ದಿನವೇ ಕೇಳಿ. ಹತ್ತಿ ಬಿಡಿಸುವ ದಿನಗಳಲ್ಲಿ ಕೂಲಿ ಕಿಲೋ ಲೆಕ್ಕ. ಕೈ ಚುರುಕಿರುವಾಕೆ ಪಾಳಿಯ ದಿನ ಹೆಚ್ಚು ಕಳೆದುಕೊಳ್ಳುತ್ತಾಳೆ. ಅಂಥಲ್ಲಿ ಪಾಳಿ ಬಿಟ್ಟು, ಹೊಲಕ್ಕೆ ಹೋಗಲಾಗದ ಒಬ್ಬ ಹಿರಿಯಳಿಗೆ ಎಲ್ಲರೂ ಸೇರಿ ದಿನಕ್ಕಿಷ್ಟು ಎಂದು ಕೊಡುವುದೇ ಸರಿ. ‘ಆಯಿ ಹೆಂಗೂ ಮನ್ಯಾಗ ಇರ್ತಾಳಲ್ಲ’ ಎಂದು ಪುಕ್ಕಟೆ ಹೊರಿಸಬೇಡಿ. ಓಡುವ ಕೂಸಿನ ಹಿಂದೆ ಮೊಣಕಾಲು ನೋವಿನ ಮುದುಕಿ ಎಷ್ಟು ಓಡಿಯಾಳು?

ಒಂದು ಮಾತನ್ನು ಖಾರವಾಗಿಯೇ ಹೇಳಬೇಕು. ಒಂಬತ್ತು–ಹತ್ತು ವರ್ಷದ ಹಿರಿಮಗಳ ಸೊಂಟಕ್ಕೆ ತಮ್ಮನನ್ನು ಕೂರಿಸಿ ಹೋಗುವುದು ವ್ಯವಸ್ಥೆ ಅಲ್ಲ. ಸೂಟಿಯಲ್ಲಿ ಶುರುವಾದ ಆ ಕೆಲಸ ಸಾಲಿ ತೆರೆದ ಮೇಲೂ ‘ಇನ್ನೊಂದು ವಾರ’ ಎಂದು ಮುಂದುವರಿಯುತ್ತದೆ. ಹಾಜರಿಯಲ್ಲಿ ಮೊದಲ ಗೈರು ಅಲ್ಲಿಂದ.

ಸಾಲಿ ಕೊಡುತ್ತಿದ್ದ ಊಟದ ಲೆಕ್ಕ

ಸಾಲಿಯ ಬಿಸಿಯೂಟ ಸಣ್ಣ ತರಗತಿಯ ಮಗುವಿಗೆ ದಿನಕ್ಕೆ 450 ಕ್ಯಾಲರಿ, 12 ಗ್ರಾಂ ಪ್ರೋಟೀನ್ ಸಿಗುವಂತೆ ಲೆಕ್ಕ ಹಾಕಿದ್ದು. ಅದರ ಮೇಲೆ 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು. ಸೂಟಿ ಬಿಟ್ಟ ದಿನ ಇವೆಲ್ಲ ಒಮ್ಮೆಗೇ ನಿಲ್ಲುತ್ತವೆ, ಮನೆಯಲ್ಲಿ ಬಹಳ ಸಲ ಆ ಜಾಗಕ್ಕೆ ಐದು ರೂಪಾಯಿಯ ಕುರುಕಲು ಪಾಕೀಟು ಬಂದು ಕೂಡುತ್ತದೆ. ಅವ್ವ ಮನೆಯಲ್ಲಿಲ್ಲದ ಹೊತ್ತಿಗೆ ಕೈಗೆ ಕಾಸು ಕೊಟ್ಟು ಹೋದರೆ ಇನ್ನೇನಾದೀತು?

ಒಲೆ ಹೊತ್ತಿಸದೆ ಮಗು ತಾನೇ ತೆಗೆದು ತಿನ್ನುವಂಥದ್ದು ಮನೆಯಲ್ಲಿರಬೇಕು. ನಮ್ಮ ಕಡೆ ಅದಕ್ಕೆ ಕೊರತೆಯೇ ಇಲ್ಲ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಒಂದೇ ದಿನ ಮೂರು ಮನೆಯವರು ಕೂಡಿ ಬಡಿದರೆ ಹತ್ತು ದಿನದ ರೊಟ್ಟಿ ಆಗುತ್ತದೆ, ಮಾತೂ ಆಗುತ್ತದೆ. ಪುರಸೊತ್ತಿಲ್ಲವೇ, ಕೊಂಡು ತನ್ನಿ. ಮಹಿಳಾ ಸಂಘದವರು, ಖಾನಾವಳಿಯವರು ಲೆಕ್ಕದ ಮೇಲೆ ಮಾರುತ್ತಾರೆ. ‘ರೊಟ್ಟಿ ಕೊಂಡು ತಿಂತಾರಂತ’ ಎಂದು ಆಡಿಕೊಳ್ಳುವವರು ಬಂದು ಒಂದು ದಿನ ಬಡಿದು ಕೊಡುವುದಿಲ್ಲ. ಸಣ್ಣವರಿಗೆ ಖಡಕ್ ರೊಟ್ಟಿ ಅಗಿಯಲಾಗದು. ಮುರಿದು ಮಜ್ಜಿಗೆಯಲ್ಲೋ ಬ್ಯಾಳಿ ಸಾರಿನಲ್ಲೋ ನೆನೆಸಿ ಕೊಡುವುದನ್ನು ನೋಡಿಕೊಳ್ಳುವವರಿಗೆ ಹೇಳಿ ಹೋಗಿ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಖಾರ ಕಡಿಮೆ ಮಾಡಿ ಮಕ್ಕಳಿಗೇ ಬೇರೆ ಡಬ್ಬಿಯಲ್ಲಿಡಿ, ಮೊಸರು ಬೆರೆಸಿದರೆ ಅದೇ ಪಲ್ಲೆ. ಮುಂಗಾರಿ ಹೆಸರು ಹೇಗೂ ಮನೆಗೆ ಬಂದಿರುತ್ತದೆ. ರಾತ್ರಿ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟ ಕಾಳು ಮೊಳಕೆ ಒಡೆದ ದಿನ ಮುಂಜಾನೆಯ ಒಗ್ಗರಣೆಯಲ್ಲೇ ಉಸುಳಿ ಆಗುತ್ತದೆ. ಮೊಟ್ಟೆ ತಿನ್ನುವ ಮನೆಯಾದರೆ ಬೆಳಗ್ಗೆಯೇ ಬೇಯಿಸಿಟ್ಟು ಹೋಗಿ.

ಐದು ವರ್ಷದೊಳಗಿನವರ ಕೈಗೆ ಇಡಿ ಶೇಂಗಾ, ಹುರಿಗಡಲೆ, ಪುಟಾಣಿ ಕೊಡಬೇಡಿ, ಗಂಟಲಿಗೆ ಸಿಕ್ಕುತ್ತದೆ. ಪುಡಿ ಮಾಡಿ ಬೆಲ್ಲ ಸೇರಿಸಿ ಉಂಡೆ ಕಟ್ಟಿದರೆ ಚಿಂತೆಯಿಲ್ಲ.

ಹೊಲಕ್ಕೆ ಕರೆದುಕೊಂಡೇ ಹೋಗಬೇಕಾದರೆ

ಕಲಘಟಗಿಯ ಅರಗಿನ ಬಣ್ಣದ ತೊಟ್ಟಿಲಿಗೆ ದೇಶದ ತುಂಬ ಹೆಸರು. ಅದೇ ತಾಲ್ಲೂಕಿನ ಹೊಲದ ಬದುವಿನಲ್ಲಿ ಕೂಸು ತೂಗುವುದು ಮಾತ್ರ ಹಳೆ ಸೀರೆಯ ಜೋಳಿಗೆಯಲ್ಲಿ. ಜೋಳಿಗೆ ಕೆಟ್ಟದ್ದಲ್ಲ. ಬಗ್ಗದ ಕೊಂಬೆಗೆ, ನೆಲಕ್ಕೆ ಹತ್ತಿರವಾಗಿ ಕಟ್ಟಿ. ಕಟ್ಟಿದ ಮೇಲೆ ನಿಮ್ಮ ಕೈಯ ಭಾರ ಹಾಕಿ ಎಳೆದು ನೋಡಿ. ಮಧ್ಯಾಹ್ನ ನೆರಳು ಸರಿಯುತ್ತದೆ, ಅಕ್ಟೋಬರಿನ ಬಿಸಿಲು ಮಳೆ ನಿಂತ ಮೇಲೆ ಬಲು ಚುರುಕು. ಆರು ತಿಂಗಳೊಳಗಿನ ಕೂಸಿಗೆ ಎದೆಹಾಲು ಬಿಟ್ಟು ನೀರೂ ಬೇಡ, ಆದ್ದರಿಂದ ನಡುನಡುವೆ ಕುಡಿಸಲು ಏಳುವುದನ್ನು ಕೆಲಸಕ್ಕೆ ಒಪ್ಪಿಕೊಳ್ಳುವಾಗಲೇ ಗುತ್ತಿಗೆಯವರಿಗೆ ಹೇಳಿಬಿಡಿ.

ಹತ್ತಿ, ಕಡಲೆಗೆ ಎಣ್ಣೆ ಹೊಡೆದ ದಿನ ಆ ಹೊಲಕ್ಕೆ ಮಕ್ಕಳು ಬೇಡವೇ ಬೇಡ. ಪಕ್ಕದ ಹೊಲದಲ್ಲಿ ಹೊಡೆಯುತ್ತಿದ್ದರೂ ಗಾಳಿ ಯಾವ ಕಡೆ ಎಂದು ನೋಡಿ. ಖಾಲಿ ಎಣ್ಣೆ ಡಬ್ಬಿಯಲ್ಲಿ ಎಷ್ಟು ತೊಳೆದರೂ ನೀರು ತುಂಬಬಾರದು. ಕೂಸಿಗೆ ಹಾಲು ಕುಡಿಸುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ, ಮೇಲೆ ಹಾಕಿಕೊಂಡ ಅಂಗಿ ತೆಗೆದಿಡಿ.

ಕೃಷಿ ಹೊಂಡದ ಬಗ್ಗೆ ಇನ್ನೂ ಹೆಚ್ಚು ಭಯ ಇರಲಿ. ಮಳೆಗಾಲ ಮುಗಿದ ಹೊತ್ತಿಗೆ ಅವು ತುಂಬಿರುತ್ತವೆ, ಎರಿ ಮಣ್ಣಿನ ದಂಡೆ ಸಾಬೂನಿನಂತೆ ಜಾರುತ್ತದೆ, ಬಿದ್ದವರು ತಾವಾಗಿ ಹತ್ತಿ ಬರಲಾರರು. ಕೃಷಿಭಾಗ್ಯದಲ್ಲಿ ಹೊಂಡದ ಸುತ್ತ ತಂತಿಬೇಲಿಗೂ ಸಹಾಯಧನ ಇದೆ. ಬೇಲಿಯಿಲ್ಲದ ಹೊಂಡವಿದ್ದರೆ ದಂಡೆಯ ಗೂಟಕ್ಕೆ ಗಂಟು ಹಾಕಿದ ಹಗ್ಗ ಕಟ್ಟಿ ನೀರಿಗೆ ಇಳಿಬಿಡಿ. ಬೆಣ್ಣಿಹಳ್ಳ, ತುಪ್ಪರಿಹಳ್ಳದ ದಂಡೆಯ ಊರಿನವರಿಗೆ ಹೇಳಬೇಕಿಲ್ಲ. ಮೇಲೆ ಎಲ್ಲೋ ಸುರಿದ ಮಳೆ ಇಲ್ಲಿ ಒಣ ಆಕಾಶದಡಿಯೇ ಬಂದು ದಾರಿ ಕಟ್ಟುತ್ತದೆ. ಮಕ್ಕಳಿರುವ ದಿನ ಸುತ್ತು ದಾರಿಯೇ ದಾರಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ, ಆ ಕೈಕಾಲು ಅಲುಗಿಸದೆ 108ಕ್ಕೆ ಕರೆ ಮಾಡಿ.

ಬಸ್ಸಿನ ತಾಯಂದಿರಿಗೆ

ಕುಂದಗೋಳ, ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಅಂಗಡಿ, ಆಸ್ಪತ್ರೆ, ಆಫೀಸಿಗೆ ಹೋಗಿಬರುವವರ ಕಷ್ಟ ಬೇರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡು ಕೊಡಬೇಕಿಲ್ಲ, ಆದರೆ ಹಬ್ಬದ ವಾರ ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲ. ಒಂದು ಬಸ್ಸು ತಪ್ಪುತ್ತದೆ ಎಂದೇ ಲೆಕ್ಕ ಹಾಕಿ, ಸಂಜೆ ಒಂದು ತಾಸು ತಡವಾದರೆ ಮಗು ಯಾರ ಪಡಸಾಲಿಯಲ್ಲಿ ಕೂಡಬೇಕೆಂದು ಮಗುವಿಗೂ ಆ ಮನೆಯವರಿಗೂ ಗೊತ್ತಿರಲಿ. ನಾಲ್ಕು ಫೋನ್ ನಂಬರನ್ನು ದೊಡ್ಡದಾಗಿ ಬರೆದು ಬಾಗಿಲ ಹಿಂದೆ ಅಂಟಿಸಿ. ಹಿರಿಮಗನಿಗೆ ಅದರಲ್ಲಿ ಒಂದಾದರೂ ಬಾಯಿಪಾಠ ಆಗಿರಬೇಕು.

ಜ್ವರ, ಭೇದಿ

ಮಳೆ ನಿಂತು ಬಿಸಿಲು ಬಿದ್ದ ಮೇಲಿನ ವಾರಗಳು ಡೆಂಗಿಗೆ ಹದ. ಆ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಹಾಗಾಗಿ ಹಗಲು ಮಲಗುವ ಕೂಸಿಗೂ ಪರದೆ ಬೇಕು. ನೀರು ದಿನ ಬಿಟ್ಟು ಬರುವ ಊರುಗಳಲ್ಲಿ ಹಂಡೆ, ಬ್ಯಾರಲ್ ತುಂಬಿಡದೆ ವಿಧಿಯಿಲ್ಲ. ಬಾಯಿಗೆ ಬಟ್ಟೆ ಕಟ್ಟಿ, ವಾರಕ್ಕೊಮ್ಮೆ ತಿಕ್ಕಿ ತೊಳೆಯಿರಿ. ಜ್ವರಕ್ಕೆ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆಯನ್ನು ಅಂಗಡಿಯಿಂದ ತಂದು ಕೊಡಬೇಡಿ, ಪ್ಯಾರಸಿಟಮಾಲ್ ಅನ್ನೂ ಕೂಸಿನ ತೂಕ ಹೇಳಿ ಕೇಳಿ ತನ್ನಿ. ಭೇದಿಯಾದರೆ ಓಆರ್‌ಎಸ್ ದೊಡ್ಡ ಪಾಕೀಟನ್ನು ಇಡಿಯಾಗಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಿ. ಜಿಂಕ್ ಗುಳಿಗೆ ಭೇದಿ ನಿಂತರೂ 14 ದಿನ ಮುಗಿಸಿ. ಎರಡೂ ಆಶಾ ಕಾರ್ಯಕರ್ತೆಯ ಬಳಿ ಸಿಗುತ್ತವೆ. ಕೂಸು ಉಚ್ಚೆ ಮಾಡುವುದು ಕಡಿಮೆಯಾದರೆ, ಮಂಕಾಗಿ ಮಲಗಿದರೆ ಕೂಲಿಯ ಲೆಕ್ಕ ಬಿಟ್ಟು ಆಸ್ಪತ್ರೆಗೆ.

ಸಂಜೆ ಆರರಿಂದ ಎಂಟು

ಕತ್ತಲಾಗುವಾಗ ಮನೆಗೆ ಬಂದರೆ ಒಲೆ, ದನ, ನೀರು, ಮಕ್ಕಳು ಎಲ್ಲ ಒಮ್ಮೆಗೇ ಕೈ ಹಿಡಿದು ಎಳೆಯುತ್ತವೆ. ಬಂದ ತಕ್ಷಣ ಕಾಲು ತೊಳೆದು ಹತ್ತು ನಿಮಿಷ ಮಕ್ಕಳ ನಡುವೆ ಸುಮ್ಮನೆ ಕೂಡಿ, ಆಮೇಲೆ ಒಲೆ. ಇಡೀ ದಿನ ಕಾದ ಕೂಸು ಆ ಹತ್ತು ನಿಮಿಷ ಸಿಗದಿದ್ದರೆ ಎಂಟರವರೆಗೂ ಸೆರಗು ಬಿಡುವುದಿಲ್ಲ. ದನ ಕಟ್ಟುವುದು, ಮಕ್ಕಳ ಕೈಕಾಲು ತೊಳೆಸಿ ಊಟಕ್ಕೆ ಕೂರಿಸುವುದು ಅಪ್ಪನ ಪಾಲಿಗೆ ಬರಲಿ. ಗುಡಿಯಲ್ಲಿ ದೇವಿ ಪುರಾಣ ಕೇಳಲು ಹೋಗುವ ಗಂಡಸರು ಒಂದು ಮಗುವನ್ನು ಜೊತೆಗೆ ಕರೆದುಕೊಂಡು ಹೋದರೆ ದೇವಿಯೇನೂ ಬೇಡ ಎನ್ನಳು. ಸೂಟಿಯ ಮನೆಪಾಠ ದಿನಕ್ಕೆ ಒಂದು ಪುಟ ಸಾಕು. ಹೋದ ವರ್ಷ ನಮ್ಮ ಮನೆಯಲ್ಲಿ ಕೊನೆಯ ರಾತ್ರಿ ಇಪ್ಪತ್ತೆರಡು ಪುಟ ಕಾಪಿ ಬರೆಸಿದ್ದೆವು, ಅರ್ಧ ನನ್ನ ಅಕ್ಷರ.

ಶೀಗಿ ಹುಣ್ಣಿಮೆಗೆ ಇದಾವುದೂ ಬೇಡ. ಅಂದು ಕೂಲಿಯಿಲ್ಲ, ಇಡೀ ಮನೆ ಹೊಲಕ್ಕೆ. ಬುತ್ತಿಯನ್ನು ಮಾತ್ರ ಒಬ್ಬಾಕೆಯ ತಲೆಗೆ ಕಟ್ಟಬೇಡಿ: ನೆಗೆಣ್ಣಿ ಹೋಳಿಗೆ, ಅತ್ತೆ ಕರ್ಚಿಕಾಯಿ, ಪಕ್ಕದ ಮನೆಯವರು ಎಣ್ಣೆಗಾಯಿ ಪಲ್ಲೆ. ಚರಗ ಚೆಲ್ಲಿ ಬಂದ ಮೇಲೆ ಬಡಿಸುವ ಕೆಲಸ ಗಂಡಸರಿಗಿರಲಿ, ಅವ್ವ ಮೊದಲ ಪಂಕ್ತಿಯಲ್ಲೇ ಉಣ್ಣಲಿ.

ಇನ್ನೊಂದು. ಸಾಲಿ ತೆರೆಯಲು ಎರಡು ದಿನ ಇರುವಾಗಲೇ ಬೂಟು ಹಾಕಿಸಿ ನೋಡಿ. ಸೂಟಿ ತುಂಬ ಬರಿಗಾಲಲ್ಲಿ ಓಡಾಡಿದ ಮಕ್ಕಳ ಕಾಲು ಹಳೆ ಬೂಟಿಗೆ ಹಿಡಿಯುವುದಿಲ್ಲ, ಅದು ಗೊತ್ತಾಗುವುದು ಬಸ್ಸು ಬಂದು ನಿಂತಾಗ.