ಹಿರಿಯರಿಗೆ ಜಾರದ ಬಚ್ಚಲುಮನೆ

ಅಡಿಕೆ ಸುಲಿದು, ಕಾಫಿ ಒಣಗಿಸಿ ಚೀಲ ಕಟ್ಟುವ ಹೊತ್ತಿಗೆ ನಮ್ಮ ಅನೇಕ ಸದಸ್ಯರ ಮನೆಯ ಹಿರಿಯರು ಬೆಂಗಳೂರಿನ ಮಕ್ಕಳ ಮನೆಗೆ ಹೊರಡುತ್ತಾರೆ. ಯಶವಂತಪುರದಲ್ಲಿ ರೈಲಿಳಿದು ಯಲಹಂಕಕ್ಕೋ, ಹೆಬ್ಬಾಳಕ್ಕೋ, ಆರ್.ಟಿ. ನಗರಕ್ಕೋ ಹೋಗಿ ಎರಡು ತಿಂಗಳು ಇದ್ದು ಬರುವವರುಂಟು. ತೋಟವನ್ನು ಒಬ್ಬ ಮಗನಿಗೆ ಒಪ್ಪಿಸಿ ಇನ್ನೊಬ್ಬನ ಮನೆಯಲ್ಲಿ ನೆಲೆಸಿದವರೂ ಉಂಟು. ಅವರ ಔಷಧಿ, ಪಥ್ಯ, ಹೊದಿಕೆಗಳ ಬಗ್ಗೆ ನಾವು ಮೊದಲೇ ಯೋಚಿಸುತ್ತೇವೆ. ಸ್ನಾನದ ಮನೆಯ ಬಗ್ಗೆ ಯೋಚಿಸುವುದು ಮಾತ್ರ ಯಾರಾದರೂ ಅಲ್ಲಿ ಬಿದ್ದ ಮೇಲೆ. ಅಡಿಕೆ ಮರ ಹತ್ತುವವನು ಬಿದ್ದ ಮೇಲೆ ತಳೆ ಹುಡುಕುವುದಿಲ್ಲ. ಹತ್ತುವ ಮೊದಲೇ ಕಾಲಿಗೆ ಹಾಕಿಕೊಳ್ಳುತ್ತಾನೆ. ಬಚ್ಚಲಿಗೂ ಇದೇ ನಿಯಮ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಇವರಲ್ಲಿ 60 ವರ್ಷ ದಾಟಿದವರೇ ಹೆಚ್ಚು. ವಯಸ್ಸಾದಂತೆ ಮೂಳೆ ಟೊಳ್ಳಾಗುವುದರಿಂದ ನಿಂತಲ್ಲೇ ಜಾರಿ ಬಿದ್ದರೂ ಸೊಂಟದ ಬಳಿ ತೊಡೆಮೂಳೆ ಮುರಿಯುತ್ತದೆ. ಆಮೇಲೆ ಹಾಸಿಗೆ ಹಿಡಿದರೆ ಬೆನ್ನಿನ ಹುಣ್ಣು, ಶ್ವಾಸಕೋಶದ ಸೋಂಕು ಬೆನ್ನಟ್ಟಿ ಬರುತ್ತವೆ. ಆದ್ದರಿಂದ ಬೀಳುವುದನ್ನು ಹಣೆಬರಹವೆಂದು ಬಿಡದೆ, ತಡೆಯಬಹುದಾದ ಅಪಘಾತವೆಂದು ತಿಳಿಯಬೇಕು.

ಹಳೆಯ ಬಚ್ಚಲು, ಹೊಸ ಬಾತ್‌ರೂಮು

ಊರಿನ ಬಚ್ಚಲಿನಲ್ಲಿ ಒರಟು ಚಪ್ಪಡಿ ಕಲ್ಲು, ಕೂರಲು ಮಣೆ, ಕೈಯಳತೆಯಲ್ಲಿ ಹಂಡೆ. ಯಾವ ಕಲ್ಲು ಅಲುಗುತ್ತದೆ, ಎಲ್ಲಿ ಗೋಡೆ ಹಿಡಿಯಬೇಕು ಎಂಬುದು ಐವತ್ತು ವರ್ಷಗಳ ಅಭ್ಯಾಸದಿಂದ ಕತ್ತಲಲ್ಲೂ ಗೊತ್ತು. ನಗರದ ಮನೆಯಲ್ಲಿ ನುಣುಪಾದ ಟೈಲ್ಸು, ಎತ್ತರದ ಕಮೋಡು, ನಿಂತು ಮೀಯುವ ಷವರು. ಹಿಡಿಯಲು ಸಿಗುವುದು ಟವೆಲು ಹಾಕುವ ಸರಳು ಒಂದೇ. ಅದು ಆಳಿನ ಭಾರ ತಡೆಯದು. ಹಿರಿಯರು ಎಡವುವುದು ಶಕ್ತಿ ಕುಂದಿದ್ದರಿಂದ ಮಾತ್ರವಲ್ಲ, ಜಾಗ ಹೊಸದಾದ್ದರಿಂದಲೂ ಹೌದು.

1. ನೆಲ

ಉತ್ತರ ಬೆಂಗಳೂರಿನಲ್ಲಿ ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳು ಬಹಳ. ಗಡಸು ನೀರು ಸೋಪಿನೊಡನೆ ಸೇರಿ ನೆಲದ ಮೇಲೆ ಬೂದುಬಣ್ಣದ ಜಿಡ್ಡು ಕಟ್ಟುತ್ತದೆ. ಎಣ್ಣೆಸ್ನಾನದ ದಿನ ಇದು ಇನ್ನೂ ಹೆಚ್ಚು. ವಾರಕ್ಕೆ ಎರಡು ಬಾರಿಯಾದರೂ ಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು. ಆಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಎಂದಿಗೂ ಒಟ್ಟಿಗೆ ಬಳಸಕೂಡದು. ಅವೆರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಸ್ನಾನದ ಜಾಗಕ್ಕೆ ಅಡಿಯಲ್ಲಿ ಹೀರುಬಟ್ಟಲುಗಳಿರುವ ರಬ್ಬರು ಚಾಪೆ ಹಾಸಬಹುದು. ಒದ್ದೆಯಾದ ಬಟ್ಟೆಯ ಕಾಲೊರಸು ತಾನೇ ಜಾರುತ್ತದೆ, ಅದನ್ನು ತೆಗೆಯಿರಿ. ಹೊಸದಾಗಿ ಕಟ್ಟುವವರು ಒರಟು ಮೈಯ ಸಣ್ಣ ಟೈಲ್ಸನ್ನೇ ಆರಿಸಿಕೊಳ್ಳಲಿ.

2. ಹಿಡಿಕಂಬಿ

ಒಂದೇ ಒಂದು ಸುಧಾರಣೆ ಮಾಡುವುದಾದರೆ ಇದನ್ನು ಮಾಡಿ. ಅಂಗಡಿಯವರು ಗ್ರ್ಯಾಬ್ ಬಾರ್ ಎನ್ನುವ ಈ ಸ್ಟೀಲ್ ಕಂಬಿ 1.25ರಿಂದ 1.5 ಇಂಚು ದಪ್ಪವಿರಲಿ. ಗೋಡೆಗೂ ಕಂಬಿಗೂ ನಡುವೆ 1.5 ಇಂಚು ಸಂದಿರಲಿ. ಕಮೋಡಿನ ಪಕ್ಕ, ಸ್ನಾನದ ಜಾಗ, ಬಾಗಿಲ ಬಳಿ, ಹೀಗೆ ಮೂರು ಕಡೆ ಬೇಕು. ಸ್ನಾನದ ಜಾಗದಲ್ಲಿ ನೆಲದಿಂದ ಸುಮಾರು 33ರಿಂದ 36 ಇಂಚು, ಕಮೋಡಿನ ಪಕ್ಕದಲ್ಲಿ ಆಸನದಿಂದ 9ರಿಂದ 10 ಇಂಚು ಮೇಲೆ ಎಂಬುದು ಸಾಮಾನ್ಯ ಅಳತೆ. ಆದರೆ ಪುಸ್ತಕದ ಅಳತೆಗಿಂತ ಬಳಸುವವರ ಕೈಯೇ ಪ್ರಮಾಣ. ಹಿರಿಯರನ್ನೇ ಕೂರಿಸಿ, ಏಳಿಸಿ, ಅವರ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆಂದು ನೋಡಿ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ.

ಈಗಿನ ಮನೆಗಳ ಗೋಡೆ ಹಲವೆಡೆ ಟೊಳ್ಳು ಸಿಮೆಂಟ್ ಬ್ಲಾಕಿನದು. ಅದರಲ್ಲಿ ಸಾಮಾನ್ಯ ಸ್ಕ್ರೂ ನಿಲ್ಲದು. ಗೋಡೆ ಯಾವುದೆಂದು ತಿಳಿಸಿ ಅದಕ್ಕೆ ತಕ್ಕ ಬೋಲ್ಟು ಹಾಕಿಸಬೇಕು. ಕೆಲಸ ಮುಗಿದ ಮೇಲೆ ಮನೆಯ ದಪ್ಪ ಆಳೊಬ್ಬರು ಜಗ್ಗಿ ನೋಡಲಿ. ಗಾಳಿಯ ಹೀರಿಕೆಯಿಂದ ಅಂಟುವ ಪ್ಲಾಸ್ಟಿಕ್ ಹಿಡಿಕೆಗಳನ್ನು ನಂಬಬೇಡಿ.

3. ಆಸನ ಮತ್ತು ನೀರು

ಕಮೋಡಿನ ಆಸನ ಸುಮಾರು 18 ಇಂಚು ಎತ್ತರವಿದ್ದರೆ ಏಳುವುದು ಸುಲಭ. ತಗ್ಗಾಗಿದ್ದರೆ ಮೇಲೆ ಕೂರಿಸುವ ಎತ್ತರದ ಆಸನ ಸಿಗುತ್ತದೆ. ಸ್ನಾನಕ್ಕೆ ಕಾಲಿಗೆ ರಬ್ಬರು ಇರುವ, ತೋಳುಳ್ಳ ಗಟ್ಟಿ ಕುರ್ಚಿ ಇರಲಿ. ಬಕೆಟ್ಟನ್ನು ನೆಲದಲ್ಲಿಡದೆ ಗಟ್ಟಿ ಪೀಠದ ಮೇಲಿಟ್ಟರೆ ತಂಬಿಗೆ ತುಂಬಲು ಬಗ್ಗಬೇಕಿಲ್ಲ. ಗೀಸರಿನ ಬಿಸಿ 50 ಡಿಗ್ರಿ ಸೆಲ್ಸಿಯಸ್ ದಾಟದಿರಲಿ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಗ್ಯಾಸ್ ಗೀಸರು ಸ್ನಾನದ ಮನೆಯ ಒಳಗೆ ಬೇಡವೇ ಬೇಡ. ಮುಚ್ಚಿದ ಕೋಣೆಯಲ್ಲಿ ಅದು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಿಳಿಯುವಷ್ಟರಲ್ಲಿ ಪ್ರಜ್ಞೆ ತಪ್ಪಿರುತ್ತದೆ.

4. ಬೆಳಕು ಮತ್ತು ಬಾಗಿಲು

ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಸಣ್ಣ ದೀಪ ಉರಿಯಲಿ. ದಾರಿಯಲ್ಲಿ ಮಡಚಿದ ಜಮಖಾನೆ, ಚಪ್ಪಲಿ, ವೈರು ಇರಬಾರದು. ಹೊಸ್ತಿಲು ಎದ್ದಿದ್ದರೆ ಅದರ ಅಂಚಿಗೆ ಎದ್ದು ಕಾಣುವ ಬಣ್ಣ ಬಳಿಯಿರಿ. ಬಾಗಿಲು ಹೊರಕ್ಕೆ ತೆರೆದುಕೊಳ್ಳುವಂತಿರಲಿ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತಳ್ಳುವುದು ಸಾಧ್ಯವಾಗದು. ಒಳಗಿನ ಅಗುಳಿ ತೆಗೆದು, ಹೊರಗಿನಿಂದಲೂ ತೆರೆಯಬಹುದಾದ ಚಿಲಕ ಹಾಕಿಸಿ. ಕೂತಲ್ಲಿಂದ ಕೈಗೆ ಎಟಕುವಂತೆ ಕರೆಗಂಟೆಯ ಗುಂಡಿ ಇದ್ದರೆ ಇನ್ನೂ ಒಳ್ಳೆಯದು.

5. ಅಭ್ಯಾಸ

ಮಲಗಿದವರು ಥಟ್ಟನೆ ಎದ್ದಾಗ, ಬಿಸಿನೀರಿನ ಸ್ನಾನದ ನಂತರ, ರಕ್ತದೊತ್ತಡ ಇಳಿದು ತಲೆ ತಿರುಗುವುದುಂಟು. ಒತ್ತಡದ ಮಾತ್ರೆ ನುಂಗುವವರಲ್ಲಿ ಇದು ಹೆಚ್ಚು. ರಾತ್ರಿ ಎದ್ದಾಗ ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕೂತು, ನಂತರ ನಿಂತು, ಆಮೇಲೆ ನಡೆಯಬೇಕು. ಪದೇ ಪದೇ ತಲೆ ತಿರುಗುತ್ತಿದ್ದರೆ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ.

ಹೇಳುವ ರೀತಿ

‘ನನಗೇನಾಗಿದೆ? ಕಂಬಿ ಹಿಡಿದು ನಡೆಯುವಷ್ಟು ಮುದುಕನಾದೆನೇ?’ ಎಂದು ಯಜಮಾನರು ಕೇಳಿಯೇ ಕೇಳುತ್ತಾರೆ. ಎಕರೆಗಟ್ಟಲೆ ತೋಟ ನಡೆಸಿದವರಿಗೆ ಹೀಗೆನಿಸುವುದು ಸಹಜ. ವಾದ ಬೇಡ. ಕಂಬಿ ಮನೆಮಂದಿಗೆಲ್ಲ ಎಂದು ಹೇಳಿ, ಸೊಸೆ, ಮೊಮ್ಮಕ್ಕಳೂ ಹಿಡಿದುಕೊಳ್ಳಲಿ. ಎಲ್ಲಿ ಹಾಕಬೇಕೆಂದು ಅವರನ್ನೇ ಕೇಳಿ. ತಾವೇ ಆರಿಸಿದ ಜಾಗದ ಕಂಬಿಯನ್ನು ಅವರು ಬಳಸುತ್ತಾರೆ.

ಬಿದ್ದೇಬಿಟ್ಟರೆ

ಗಾಬರಿಯಿಂದ ತೋಳು ಹಿಡಿದು ಎತ್ತಬೇಡಿ. ಎಲ್ಲಿ ನೋವೆಂದು ಕೇಳಿ, ಬೆಚ್ಚಗೆ ಹೊದಿಸಿ. ಸೊಂಟದಲ್ಲಿ ತೀವ್ರ ನೋವಿದ್ದು ಕಾಲು ಗಿಡ್ಡವಾಗಿ ಹೊರಕ್ಕೆ ವಾಲಿದಂತೆ ಕಂಡರೆ ಮೂಳೆ ಮುರಿದಿರಬಹುದು. ಅಲುಗಿಸದೆ 108ಕ್ಕೆ ಕರೆ ಮಾಡಿ. ಪಟ್ಟು ಕಟ್ಟಿಸಿ ಕಾಯುವುದು ಬೇಡ. ಇಂಥ ಮುರಿತಕ್ಕೆ ಸಾಮಾನ್ಯವಾಗಿ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆಯಾದರೆ ಬೇಗ ಎದ್ದು ನಡೆಯುವ ಅವಕಾಶ ಹೆಚ್ಚು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರ ತಲೆಗೆ ಪೆಟ್ಟಾದರೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಮನೆಯಲ್ಲಿ ಪರೀಕ್ಷಿಸಿ

ಅ. ಒದ್ದೆ ನೆಲದಲ್ಲಿ ಬರಿಗಾಲು ಜಾರುತ್ತದೆಯೇ?
ಆ. ಕೂತವರು ಗಟ್ಟಿಯಾದದ್ದನ್ನು ಹಿಡಿದು ಏಳಬಲ್ಲರೇ?
ಇ. ರಾತ್ರಿ ದಾರಿ ಕಾಣುತ್ತದೆಯೇ?
ಈ. ಹೊರಗಿನಿಂದ ಬಾಗಿಲು ತೆರೆಯಬಹುದೇ?

ನಾಲ್ಕರಲ್ಲಿ ಒಂದಕ್ಕೆ ಉತ್ತರ ಸರಿಯಿಲ್ಲದಿದ್ದರೂ ಕೆಲಸ ಬಾಕಿಯಿದೆ. ಊರಿನ ಬಚ್ಚಲಿಗೂ ಇದೇ ಪರೀಕ್ಷೆ. ಮಳೆಗಾಲದ ಪಾಚಿ ಟೈಲ್ಸಿಗಿಂತ ಕಡಿಮೆಯೇನಲ್ಲ. ಮುಂದಿನ ಬಾರಿ ಬೆಂಗಳೂರಿಗೆ ಹೊರಡುವಾಗ ತೆಂಗಿನಕಾಯಿ, ಬಾಳೆಗೊನೆಯ ಜೊತೆಗೆ ಅಳತೆಯ ಟೇಪನ್ನೂ ಒಯ್ಯಿರಿ.