ಎರಡು ಪದರದ ಗೋಡೆ, ಒಂದು ಕೇಬಲ್

ರೌಟರ್ ಇರುವುದು ಕೆಳಗಿನ ಹಾಲ್‌ನಲ್ಲಿ, ಕೆಲಸಕ್ಕೆ ಕೂರುವ ಕೋಣೆ ಮಹಡಿಯ ಹಿಂಬದಿಯಲ್ಲಿ. ವೈಫೈ ಸಾಲದೆ ಮೀಟಿಂಗ್ ನಡುವೆ ಮುಖಗಳೆಲ್ಲ ನಿಂತುಬಿಡುತ್ತವೆ. ಬ್ರಿಟನ್ನಿಗೆ ಹೊಸದಾಗಿ ಬಂದು ಮನೆ ಮಾಡಿದವರು ಕೂಟದಲ್ಲಿ ಸಿಕ್ಕಾಗ, ಗೋಡೆ ಕೊರೆದು ಕೇಬಲ್ ಎಳೆಯಬಹುದೇ ಎಂದು ಕೇಳುತ್ತಿರುತ್ತಾರೆ. ಎಳೆಯಬಹುದು. ನೆಲದ ಹಲಗೆ ಎಬ್ಬಿಸುವುದಕ್ಕಿಂತ ಕೇಬಲನ್ನು ಹೊರಗೋಡೆಯ ಮೇಲೆ ಹತ್ತಿಸಿ ಒಳಕ್ಕೆ ತರುವುದೇ ಎಷ್ಟೋ ಮನೆಗಳಲ್ಲಿ ಸುಲಭ. ಆದರೆ ಊರಿನ ಗಟ್ಟಿ ಬ್ಲಾಕ್ ಗೋಡೆ ಕೊರೆದ ಹಾಗೆ ಇಲ್ಲಿ ಕೊರೆಯಬೇಡಿ.

ಎರಡನೇ ಮಹಾಯುದ್ಧದ ನಂತರ ಇಲ್ಲಿ ಕಟ್ಟಿದ ಬಹುಪಾಲು ಇಟ್ಟಿಗೆ ಮನೆಗಳದ್ದು ಕ್ಯಾವಿಟಿ ಗೋಡೆ. ಹೊರಗೆ ಸುಮಾರು 100 ಮಿಲಿಮೀಟರ್ ಇಟ್ಟಿಗೆ, ಒಳಗೆ ಅಷ್ಟೇ ದಪ್ಪದ ಬ್ಲಾಕ್, ನಡುವೆ 50 ಮಿಲಿಮೀಟರೋ ಇನ್ನೂ ಹೆಚ್ಚೋ ಪೊಳ್ಳು. ಗಾಳಿಯೊಂದಿಗೆ ಬಡಿಯುವ ಮಳೆ ಹೊರ ಇಟ್ಟಿಗೆಯೊಳಗೆ ಇಳಿದೇ ಇಳಿಯುತ್ತದೆ. ಅದು ಪೊಳ್ಳು ದಾಟಲಾರದೆ ಅಲ್ಲೇ ಕೆಳಕ್ಕೆ ಹರಿಯುತ್ತದೆ. ನೀವು ಎರಡೂ ಪದರ ಸೇರಿಸಿ ಏನೇ ತೂರಿಸಿದರೂ ನೀರಿಗೆ ಸೇತುವೆ ಕಟ್ಟಿಕೊಟ್ಟಂತೆ.

ಹಾಗಾಗಿ ಕೊರೆಯುವ ಕೋನವೇ ಮುಖ್ಯ. ತೂತು ಒಳಗಿನಿಂದ ಹೊರಕ್ಕೆ ಸ್ವಲ್ಪ ಇಳಿಜಾರಾಗಿರಲಿ. ಮೊದಲು ಒಳಗಿನಿಂದ ಸಣ್ಣ ಉದ್ದನೆಯ ಬಿಟ್‌ನಲ್ಲಿ ಆಚೆ ದಾಟಿಸಿ, ಆಮೇಲೆ ಹೊರಗಿನಿಂದ ದೊಡ್ಡ ಬಿಟ್ ಹಾಕಿ ಅಗಲಿಸಿ. ಪೂರ್ತಿ ಒಳಗಿನಿಂದಲೇ ದೊಡ್ಡ ಬಿಟ್ ನೂಕಿದರೆ ಹೊರ ಇಟ್ಟಿಗೆಯ ಮುಖ ಚಕ್ಕೆ ಎದ್ದು ಹೋಗುತ್ತದೆ, ಅದು ಬೀದಿಗೆಲ್ಲ ಕಾಣುತ್ತದೆ. ಈ ಗೋಡೆಗೆ 400 ಮಿಲಿಮೀಟರ್‌ಗಿಂತ ಉದ್ದದ ಎಸ್‌ಡಿಎಸ್ ಬಿಟ್ ಬೇಕು. ಒಂದು ತೂತಿಗಾಗಿ ಅದನ್ನೂ ಡ್ರಿಲ್ಲನ್ನೂ ಕೊಳ್ಳುವ ಬದಲು ಬಾಡಿಗೆಗೆ ತರುವುದೇ ಲೇಸು. ಸ್ವಿಚ್ಚು, ಸಾಕೆಟ್ಟುಗಳ ನೇರ ಮೇಲೆ, ಕೆಳಗೆ, ಅಕ್ಕಪಕ್ಕ ಕೊರೆಯಲೇಬೇಡಿ. ಕರೆಂಟಿನ ವೈರು ಆ ಸಾಲಿನಲ್ಲೇ ಓಡಿರುತ್ತದೆ.

ಬರೀ ತೂತಿನಲ್ಲಿ ಕೇಬಲ್ ತುರುಕಿ ಸುಮ್ಮನಾಗುವವರೇ ಹೆಚ್ಚು. 20 ಮಿಲಿಮೀಟರ್ ಪ್ಲಾಸ್ಟಿಕ್ ಕಾಂಡ್ಯುಯಿಟ್ ಪೈಪಿನ ತುಂಡೊಂದನ್ನು ಎರಡೂ ಪದರ ದಾಟುವಂತೆ ಕೂರಿಸಿ, ಅದರೊಳಗೆ ಕೇಬಲ್ ಬಿಡಿ. ಎಷ್ಟೋ ಮನೆಗಳ ಪೊಳ್ಳಿನಲ್ಲಿ ಶಾಖ ಉಳಿಸಲು ಪಾಲಿಸ್ಟೈರೀನ್ ಮಣಿ ತುಂಬಿರುತ್ತಾರೆ. ತೂತು ಕೊರೆದ ಕೂಡಲೇ ಅವು ಬುಳುಬುಳು ಉದುರುತ್ತವೆ, ಪೈಪು ಅದನ್ನು ತಡೆಯುತ್ತದೆ. ಜೊತೆಗೆ, ಪಿವಿಸಿ ಹೊದಿಕೆಯ ಕೇಬಲ್ ಪಾಲಿಸ್ಟೈರೀನಿಗೆ ತಾಗಿಕೊಂಡೇ ಇದ್ದರೆ ವರ್ಷಗಳಲ್ಲಿ ಹೊದಿಕೆ ಗಡಸಾಗಿ ಬಿರಿಯುತ್ತದೆ. ಇದೇ ಕಾರಣಕ್ಕೆ ಪೊಳ್ಳಿನೊಳಗೇ ಕೇಬಲನ್ನು ಮಹಡಿಯವರೆಗೆ ಏರಿಸುವ ಜಾಣತನವೂ ಬೇಡ.

ಹೊರಗೆ ಹೊರಾಂಗಣ ದರ್ಜೆಯ ಕಪ್ಪು ಹೊದಿಕೆಯ ಕ್ಯಾಟ್ 6 ಕೇಬಲ್ಲೇ ಇರಲಿ, ತಂತಿ ಪೂರ್ತಿ ತಾಮ್ರದ್ದಾಗಿರಲಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಅಗ್ಗವೇನೋ ಹೌದು, ಕೊಳ್ಳಬೇಡಿ. ತೂತಿಗೆ ಸೇರುವ ಮುನ್ನ ಕೇಬಲ್ ಒಂದು ಗೇಣು ಕೆಳಗೆ ಬಾಗಿ ಮೇಲೇರಲಿ. ಅದರ ಮೇಲೆ ಇಳಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಇನ್ನು ಮುಚ್ಚುವುದು. ಹೊರಗೆ ಪೈಪಿನ ಸುತ್ತಲೂ, ಪೈಪಿನ ಬಾಯಿಗೂ ಹೊರಾಂಗಣ ಸೀಲಂಟ್ ಒತ್ತಿ. ಉಬ್ಬುವ ಫೋಮ್ ಒಂದನ್ನೇ ನಂಬಿದರೆ ಬಿಸಿಲಿಗೆ ಅದು ಹಳದಿಯಾಗಿ ಪುಡಿಯಾಗುತ್ತದೆ. ಒಳಗೂ ಮುಚ್ಚಬೇಕು, ಮಳೆಗಲ್ಲ, ಜನವರಿಯ ಗಾಳಿಗೆ. ಆದರೆ ಸೀಲಂಟ್ ಉಳಿಯಿತೆಂದು ಕಿಟಕಿಯ ಮೇಲಿನ ಸಣ್ಣ ಸಂದುಗಳಿಗೆ ಬಳಿಯಬೇಡಿ. ಪೊಳ್ಳಿನ ನೀರು ಹೊರಬರುವ ದಾರಿ ಅದು. ನೆಲದ ಹತ್ತಿರದ ಜಾಲರಿ ಇಟ್ಟಿಗೆಯೂ ಅಷ್ಟೇ: ಮರದ ನೆಲದ ಅಡಿಗೆ ಗಾಳಿ ಹೋಗುವುದು ಅಲ್ಲಿಂದಲೇ. ಸಿದ್ಧ ತೂತು ಸಿಕ್ಕಿತೆಂದು ಕೇಬಲನ್ನು ಅದರೊಳಗೆ ತೂರಿಸಬೇಡಿ.

ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ, ಇಮೇಲ್ ಸಾಕು. ಇಲ್ಲದಿದ್ದರೆ ಮನೆ ಬಿಡುವಾಗ ಡಿಪಾಸಿಟ್ಟಿಗೆ ಕತ್ತರಿ. ಫ್ಲ್ಯಾಟಿನಲ್ಲಿ ಸ್ವಂತದ್ದಾದರೂ ಹೊರಗೋಡೆ ಸಾಮಾನ್ಯವಾಗಿ ನಿಮ್ಮದಲ್ಲ. ಪಕ್ಕದ ಮನೆಗೋ ಕಾರಿಡಾರಿಗೋ ತಾಗಿದ ಗೋಡೆಗಳು ಬೆಂಕಿ ತಡೆಯಲೆಂದೇ ಇರುವಂಥವು, ಅವನ್ನು ಮುಟ್ಟಬೇಡಿ. ಹೊಸ ಫೈಬರ್ ಸಂಪರ್ಕ ತೆಗೆದುಕೊಳ್ಳುವ ಹೊತ್ತಾದರೆ, ಬಂದ ಎಂಜಿನಿಯರನ್ನು, ಅದರ ಡಬ್ಬಿಯನ್ನು ಕೆಲಸದ ಕೋಣೆಯಲ್ಲೇ ಹಾಕಲಾದೀತೇ ಎಂದು ಮೊದಲೇ ಕೇಳಿ. ಆದೀತು ಎಂದರೆ ನೀವು ಡ್ರಿಲ್ ಹಿಡಿಯುವುದೇ ಬೇಡ.